ಮುಂದಿನದರ ವಿಳಾಸ

ಮಾರ್ಚ್ ೧೨, ರಾತ್ರಿ

ರೋಗಿಯ ಮೈಗೆ ಜೋಡಿಸುವ ಕೇಬಲ್‌ಗಳಲ್ಲಿ ಒಂದನ್ನು ಕಿತ್ತರೆ ಸಾಕು, ತೆರೆಯ ಮೇಲಿನ ಎಲ್ಲ ಗೆರೆಗಳೂ ನಿಂತುಬಿಡುತ್ತಿದ್ದವು. ನಾಳೆ ಎದೆಬಡಿತ, ಉಸಿರು ತೋರಿಸುವ ಆ ಯಂತ್ರ ಆಸ್ಪತ್ರೆಗೆ ಹೋಗಬೇಕು. ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಬರೆದವನು ನಾನು. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ, ನಾವೆಲ್ಲ ಅಕ್ಕ ಎನ್ನುವವರು, ನನ್ನ ಕೋಡ್‌ನಲ್ಲಿ ಕೇಬಲ್‌ಗಳ ಲಿಂಕ್ಡ್ ಲಿಸ್ಟ್, ಅಂದರೆ ಪ್ರತಿಯೊಂದೂ ಮುಂದಿನದರ ವಿಳಾಸ ಇಟ್ಟುಕೊಂಡಿರುವ ಪಟ್ಟಿಯನ್ನು ನೋಡಿ ನಕ್ಕರು.

“ಅಲ್ಲಪ್ಪಾ, ಒಂದನ್ನ ಅಳಿಸಿ, ಮುಂದಿನದು ಎಲ್ಲಿದೆ ಅಂತ ಅದನ್ನೇ ಕೇಳ್ತೀಯಲ್ಲ! ಸತ್ತವರು ದಾರಿ ಹೇಳ್ತಾರಾ? ಮೊದಲು ವಿಳಾಸ ಇಸ್ಕೋ, ಆಮೇಲೆ ಕಳಿಸು.”

ಹಾಗೇ ತಿದ್ದಿದೆ.

ಅಪ್ಪ ಹೋದಾಗ ನಾನೂ ಆ ಗೆರೆಗಳ ಹಾಗೇ ನಿಂತುಬಿಟ್ಟಿದ್ದೆ. ಆಗಲೂ ತಮ್ಮದೇ ಊಟದ ಡಬ್ಬಿ ನನ್ನ ಮುಂದಿಟ್ಟು ಎಬ್ಬಿಸಿದವರು ಅಕ್ಕನೇ. ಇವತ್ತು ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ, “ಮೊದಲು ಕೇಬಲ್ ಕೀಳು” ಎಂದರು.

ಕಿತ್ತೆ. ಒಂದು ಗೆರೆ ನಿಂತಿತು. ಉಳಿದವು ಓಡುತ್ತಲೇ ಇದ್ದವು.