ಒತ್ತು ಎಲ್ಲಿ ಬೀಳಬೇಕು

ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಕ್ಕನಿಗೆ (ಪ್ರೀತಿ ಇದೆ, ಆದರೆ ಈ ಕಾಗದ ಓದಿ ಮುಗಿಯುವವರೆಗೆ ಅದನ್ನು ನಂಬಿ ಕೂರಬೇಡ),

ಇನ್ನು ಮೇಲೆ ದಯವಿಟ್ಟು ಪದಗಳ ಪಟ್ಟಿ ಕಳಿಸಬೇಡ. ನೀನು ಇಂಗ್ಲಿಷ್ ಮೇಡಂ, ನಿನ್ನ ಶಾಲೆಯ ಮಕ್ಕಳ ತಲೆ ತಿನ್ನು. ನಾನು ಬೈಂಡಿಂಗ್ ಕಾರ್ಖಾನೆಯಲ್ಲಿ ಕಾಗದ ಮಡಚುವವಳು. ಕಳೆದ ವಾರ ನೀನು 'ಮಾತನಾಡು' ಎಂಬ ಅರ್ಥದ ಒಂದೇ ಲ್ಯಾಟಿನ್ ಬೇರಿನಿಂದ ಹುಟ್ಟಿದ ನಾಲ್ಕು ಪದ ಕಳಿಸಿದ್ದೆ. ಲೊಕ್ವೇಷಸ್ ಎಂದರೆ ವಾಚಾಳಿ, ಗ್ರ್ಯಾಂಡಿಲಕ್ವೆಂಟ್ ಎಂದರೆ ಆಡಂಬರದ ಮಾತಿನವರು, ಸಾಮ್ನಿಲಕ್ವಿ ಎಂದರೆ ನಿದ್ದೆಯ ಬಡಬಡಿಕೆ, ಆಬ್ಲಕ್ವಿ ಎಂದರೆ ಹತ್ತು ಜನರ ಬಾಯಿಂದ ಬರುವ ನಿಂದೆ. ಒತ್ತು ಬೀಳುವ ಕಡೆ ಕೆಂಪು ಗೆರೆ ಬೇರೆ! ಮಡಚುತ್ತ ಮಡಚುತ್ತ ನಾಲ್ಕನ್ನೂ ಬಾಯಿಪಾಠ ಮಾಡಿದೆ. ಮಾಲೀಕರ ಭಾಷೆ ಕಾರ್ಮಿಕರ ಆಯುಧವಾಗಬೇಕೆಂದು ನಾನು ಕಾರ್ಮಿಕ ಸಂಘಕ್ಕೆ ಬರೆಯುವ ಕರಪತ್ರಗಳೂ ಹೇಳುತ್ತವೆ.

ನನಗೆ ಕೆಲಸ ಕಲಿಸಿದ ಗೋಂದು ಚಿಕ್ಕಮ್ಮ ಗೊತ್ತಲ್ಲ? ನಿಘಂಟಿನ ಒಂದು ಫಾರಂ, ಅಂದರೆ ಹದಿನಾರು ಪುಟ, ತಲೆಕೆಳಗಾಗಿ ಸೇರಿದ್ದನ್ನು ಕಂಡು ಆಕೆ ಯಂತ್ರ ನಿಲ್ಲಿಸಿದಳು. ಒಂದು ಗಂಟೆ ಕೆಲಸ ಕೆಡಿಸಿದಳೆಂದು ಮಾಲೀಕ ಆಕೆಯನ್ನೇ ಕೆಲಸದಿಂದ ತೆಗೆದ. ಆಕೆಯನ್ನು ಮರಳಿ ಸೇರಿಸಿಕೊಳ್ಳಿ ಎಂದು ಕೇಳಲು ನಿನ್ನೆ ನಾವು ಐವರು ಅವನ ಕೋಣೆಗೆ ಹೋದೆವು. ನಾನೇ ಮುಂದಾಳು. ಚಿಕ್ಕಮ್ಮ ಹೊರಗೇ ನಿಂತು, "ಬರೀ ವಿಷಯ ಹೇಳೇ, ಭಾಷಣ ಬೇಡ ಮಾರಾಯ್ತಿ" ಎಂದು ನನ್ನ ಜಡೆ ಎಳೆದಿದ್ದಳು.

ಹೇಳಿದೆ, ಚೆನ್ನಾಗಿಯೇ ಹೇಳಿದೆ. ಅವನು ಗಲ್ಲ ಕೆರೆದುಕೊಂಡು, "ನೋಡಮ್ಮಾ, ನಮ್ಮ ಸಂಸ್ಥೆಗೆ ಆಬ್ಲೋಕ್ವಿ ಬರಬಾರದು" ಎಂದ. ಅಕ್ಕಾ, ನೀನಾಗಿದ್ದರೆ ಸುಮ್ಮನಿರುತ್ತಿದ್ದೆಯಾ? "ಒತ್ತು ಮೊದಲಲ್ಲೇ ಬರ್ಬೇಕು ಸಾರ್, ಆಬ್ಲಕ್ವಿ" ಎಂದೆ. ಬೇರನ್ನೂ ವಿವರಿಸಿದೆ. ಉಳಿದ ಮೂರನ್ನೂ ಬಿಡಲಿಲ್ಲ, ಲೊಕ್ವೇಷಸ್‌ಗೆ ಅವನನ್ನೇ ಉದಾಹರಣೆ ಕೊಟ್ಟೆ. ನಮ್ಮೊಡನೆ ಬಂದಿದ್ದ ಪುಸ್ತಕದ ಹೊಲಿಗೆಯವಳು ಕಿಸಕ್ಕನೆ ನಕ್ಕಳು. ಅವನ ಗುಮಾಸ್ತನೂ ನಕ್ಕ. ಮಾಲೀಕನ ಮುಖ ಗಂಟಾಯಿತು. "ಪಾಠ ಮುಗೀತಾ ಟೀಚರಮ್ಮ? ಹೊರಡಿ ಎಲ್ಲರೂ" ಎಂದ.

ಚಿಕ್ಕಮ್ಮ ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. "ಒಳಗಿಂದ ಕೇಳಿಸ್ತು, ಚೆನ್ನಾಗ್ ಮಾತಾಡಿದೆ ಕಣೇ" ಎಂದು ಕಪಾಟಿನಿಂದ ತನ್ನ ಏಪ್ರನ್, ಚಪ್ಪಲಿ, ಕನ್ನಡಕ ತೆಗೆದುಕೊಂಡು ಹೊರಟುಹೋದಳು.

ಎಲ್ಲಕ್ಕೂ ನಿನ್ನ ಪಟ್ಟಿಯೇ ಕಾರಣ. ನಾನಲ್ಲ.

ಇನ್ನೂ ಉರಿಯುತ್ತಿರುವ ನಿನ್ನ ತಂಗಿ,
ಬೆಂಕಿಪೊಟ್ಟಣ

ಮತ್ತೊಂದು ಮಾತು: ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬರಲಿಲ್ಲ. ನಾನು ತಿದ್ದಲು ಬಾಯಿ ತೆರೆದಾಗ ಅವನು ಚಿಕ್ಕಮ್ಮನನ್ನು ಮರಳಿ ಸೇರಿಸಿಕೊಳ್ಳುವ ಕಾಗದವನ್ನು ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದ. ನಾನು ಅದನ್ನು ನೋಡಿದ್ದೆ.