ಚಂಪವ್ವನ ಅವ್ವನ ಫೋಟೋ

ಇಳಕಲ್ಲು, ೩೦ ಫೆಬ್ರವರಿ ೨೧೦೪

ಎಪ್ಪತ್ತೆಂಟು ವರ್ಷ ಹಿಂದಿರುವ ಹಿರಿಯರಿಗೆ ಸಾವಂತ್ರಿ ಬಾದವಾಡಗಿಯ ನಮಸ್ಕಾರ. ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಾವು ತಿಂಗಳುಗಳನ್ನು ಸಮ ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಮನ್ನಿಸಿ.

ನಾನು ಕೊಂಡಿಗಾರ್ತಿ. ನಿಮ್ಮ ಕಂಪ್ಯೂಟರಿನ ಫೋಟೋ ಆಲ್ಬಮ್ಮುಗಳಲ್ಲಿ ಹೆಸರು ಉಳಿದು ಚಿತ್ರ ಕಾಣೆಯಾದ ಬೂದು ಚೌಕಕ್ಕೆ ನಾವು ಬೂದಿಮನೆ ಎನ್ನುತ್ತೇವೆ. ಕಳೆದ ಫೈಲು ಯಾವ ಡಿಸ್ಕಿನಲ್ಲಿದೆಯೆಂದು ಹುಡುಕಿ, ಆ ಹೆಸರಿಗೆ ಮತ್ತೆ ಜೋಡಿಸುವುದು ನನ್ನ ಕೆಲಸ. ಬಿಸಿಲಿಗೆ ಹೆದರಿ ಊರು ಬೆಳಿಗ್ಗೆ ಒಂಬತ್ತಕ್ಕೇ ಬಾಗಿಲು ಹಾಕುತ್ತದೆ. ಹಳೆಯ ಟಾಕೀಸಿನ ತಂಪಿನಲ್ಲಿ ಕೂತು ನಾವು ನಿಮ್ಮ ಡಿಸ್ಕುಗಳನ್ನು ತೆರೆಯುತ್ತೇವೆ. ಒಂದೇ ಊಟದ ತಟ್ಟೆಗೆ ನಲವತ್ತು ಫೋಟೋ. ‘ಹೊಸದು’, ‘ಹೊಸದು ೨’, ‘ಇದೇ ಕೊನೇದು’ ಎಂಬ ಫೋಲ್ಡರುಗಳು. ನೋಡಿ ನೋಡಿ ಹೇಸಿಗೆ ಬಂದಿದೆ. ಆದರೆ ಹೆಚ್ಚಿನ ಹೇಸಿಗೆ ನಮ್ಮವರ ಮೇಲೆಯೇ.

ಹೋದ ತಿಂಗಳು ಎಂಬತ್ತರ ಮುದುಕಿ ಚಂಪವ್ವ ಬಂದಳು. ಅವಳ ತಂದೆ ನಿಮ್ಮ ಕಾಲದ ಮದುವೆ ಫೋಟೋಗ್ರಾಫರ್. ಅವಳು ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಹನ್ನೆರಡು ವರ್ಷದ ಹಿಂದೆ ನಮ್ಮ ಕಚೇರಿ ಹುಡುಕಿಕೊಟ್ಟ ತಾಯಿಯ ಫೋಟೋಕ್ಕೆ ದಿನಾ ಕುಂಕುಮ ಹಚ್ಚಿ ಹಚ್ಚಿ ಅದರ ಮುಖ ಮಾಸಿತ್ತು.

“ಇನ್ನೊಂದು ತಗದ ಕೊಡವ್ವಾ, ಅವ್ವನ ಕಣ್ಣು ಕಾಣವಲ್ಲವು,” ಎಂದಳು.

ಫೈಲು ತೆರೆದೆ. ಅದನ್ನು ತೆಗೆದ ತಾರೀಖು ತಾಯಿ ಸತ್ತ ಎರಡು ವರ್ಷದ ನಂತರದ್ದು. ಚಿತ್ರದಲ್ಲಿದ್ದವಳು ಯಾವುದೋ ಬಟ್ಟೆ ಅಂಗಡಿಯ ಜಾಹೀರಾತಿಗೆ ನಿಂತ ಹುಡುಗಿ. ತಾಯಿಯ ಫೋಟೋ ಇದ್ದ ಫೋಲ್ಡರನ್ನು ತಂದೆ ಬೇರೆ ಡಿಸ್ಕಿಗೆ ಸರಿಸಿದಾಗ ಹೆಸರಿನ ಕೊಂಡಿ ಕಳಚಿತ್ತು. ಹತ್ತು ಸಾವಿರ ಫೋಟೋ ದಾಟಿದ ಮೇಲೆ ಕ್ಯಾಮೆರಾ ಹಳೆಯ ನಂಬರುಗಳನ್ನೇ ಹೊಸ ಫೋಟೋಗಳಿಗೆ ಮತ್ತೆ ಕೊಡುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯ ವಿರೂಪಾಕ್ಷಪ್ಪ ನಂಬರೊಂದನ್ನೇ ನೋಡಿ ಈ ಹುಡುಗಿಯನ್ನು ತಾಯಿಯ ಹೆಸರಿಗೆ ಜೋಡಿಸಿಬಿಟ್ಟಿದ್ದರು.

“ನಿಮಗ ಗೊತ್ತಿತ್ತೇನ್ರಿ?” ಎಂದು ಚಂಪವ್ವ ಹೋದ ಮೇಲೆ ಅವರನ್ನು ಕೇಳಿದೆ.

“ಅನುಮಾನ ಇತ್ತು. ತಪಾಸಣಿ ಬಂದಿತ್ತು, ಬೂದಿಮನಿ ತುಂಬಬೇಕಾಗಿತ್ತು. ಆಕಿಗೆ ಅವ್ವನ ಮುಖ ಎಲ್ಲಿ ನೆನಪೈತಿ? ಪೂಜಿ ನಡದೈತಲ್ಲ, ಬಿಡ.”

ಚಹಾ ಹೀರುತ್ತ ಹೇಳಿದರು.

ನಂಬರು ಬಿಟ್ಟು, ಆಲ್ಬಮ್ಮಿನಲ್ಲಿ ತಾಯಿಯ ಹೆಸರಿನ ಜೊತೆ ಉಳಿದಿದ್ದ ತಾರೀಖು ಹಿಡಿದು ಒಂಬತ್ತು ದಿನ ಹುಡುಕಿದೆ. ‘ಬೇಡಾದ್ದು’ ಎಂಬ ಫೋಲ್ಡರಿನಲ್ಲಿ ಸಿಕ್ಕಳು: ಸೆರಗಿನಿಂದ ಕೂಸಿನ ಮೂಗು ಒರೆಸುತ್ತ, ಕ್ಯಾಮೆರಾ ಕಡೆ ಸಿಡುಕಿ ನೋಡುತ್ತಿದ್ದ ಹೆಂಗಸು. ಚಂಪವ್ವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಆ ಸಿಡುಕು ಮುಖವನ್ನು ಬೆರಳಿನಿಂದ ಸವರಿದಳು.

“ಹಂಗಾರ ಈಕಿ ಯಾರು?” ಎಂದು ಗೋಡೆಯ ಮೇಲಿನ ಹಳೆಯ ಫೋಟೋ ತೋರಿಸಿದಳು.

“ಹೆಸರು ಗೊತ್ತಿಲ್ಲವ್ವಾ.”

“ಹನ್ನೆರಡ ವರ್ಷ ನನ್ನ ಕೈಯ್ಯಾಗಿನ ಹೂವ ಏರಿಸ್ಕೊಂಡಾಳ. ಹೊರಗ ಹಾಕಲಿ ಹೆಂಗ?” ಎಂದು ಅತ್ತಳು. ಆಮೇಲೆ ಎರಡನ್ನೂ ಒಟ್ಟಿಗೆ ತೂಗುಹಾಕಿದಳು.

ಅದು ಅವಳ ದೊಡ್ಡತನ. ನನಗೆ ಆ ದೊಡ್ಡತನವಿಲ್ಲ. ಮರುದಿನ ವಿರೂಪಾಕ್ಷಪ್ಪ ಜೋಡಿಸಿದ್ದ ಎರಡು ಸಾವಿರದ ಮುನ್ನೂರು ಕೊಂಡಿಗಳನ್ನೂ ಬಿಡಿಸಿದೆ. ಟಾಕೀಸಿನ ಪರದೆಯ ತುಂಬ ಬೂದಿಮನೆಗಳೇ ಆದವು. ಜೊತೆಯವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಒಂದೊಂದಾಗಿ ಮತ್ತೆ ಹುಡುಕುತ್ತಿದ್ದೇನೆ.

ನಿಮ್ಮಲ್ಲಿ ಒಂದು ಬೇಡಿಕೆ. ಫೋಲ್ಡರು ಸರಿಸುವುದಿದ್ದರೆ, ಕೊಂಡಿ ಕಳಚದಂತೆ, ಆಲ್ಬಮ್ಮಿನ ಒಳಗಿನಿಂದಲೇ ಸರಿಸಿ. ಮುಖ ಯಾರದೆಂದು ಬರೆದಿಡಿ. ಸಿಗದವರ ಜಾಗವನ್ನು ಖಾಲಿ ಬಿಡಿ. ಅಲ್ಲಿ ಕಂಡಕಂಡವರನ್ನು ತಂದು ಕೂಡಿಸಬೇಡಿ.