ಲಾಳಿ ತಿರುಗಿಸಿದ ತಪ್ಪಿಗೆ

ವಸ್ತುಸಂಗ್ರಹಾಲಯದ ಮುಖ್ಯಾಧಿಕಾರಿಗಳೇ,

ಎಪ್ಪತ್ತೆಂಟು ವರ್ಷದ ನನ್ನ ಅಮ್ಮನಿಗೆ ತಾವು ನೋಟಿಸ್ ಕಳಿಸಿದ್ದೀರಿ. ಜೋರು ದನಿಯಲ್ಲಿ ಮಾತಾಡಿ ಶಾಂತಿಗೆ ಭಂಗ ತಂದದ್ದು ಒಂದನೇ ಅಪರಾಧ, ಪ್ರದರ್ಶನದ ವಸ್ತುವಿಗೆ ಕೈಹಾಕಿದ್ದು ಎರಡನೇದು. ಆದ್ದರಿಂದ ಇನ್ನು ಮುಂದೆ ಪ್ರವೇಶವಿಲ್ಲ. ಎರಡೂ ನಿಜ. ಮಾಡಿದ್ದಾಳೆ. ತಾವು ಮಾಡಿದ್ದೇನು ಎಂಬುದನ್ನೂ ಊರು ಓದಲಿ ಎಂದೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ತಮ್ಮ ಕಟ್ಟಡ ಹಿಂದೆ ಬಟ್ಟೆ ಗಿರಣಿಯಾಗಿತ್ತೆಂದು ಬಾಗಿಲ ಫಲಕದಲ್ಲೇ ಬರೆಸಿದ್ದೀರಿ. ಒಳಗೆ ಹೋದರೆ ಮಾಲೀಕರ ಬೆತ್ತಕ್ಕೊಂದು ಗಾಜಿನ ಪೆಟ್ಟಿಗೆ, ಕನ್ನಡಕಕ್ಕೊಂದು ಗಾಜಿನ ಪೆಟ್ಟಿಗೆ, ಅವರು ಸಾಕಿದ ನಾಯಿಗೂ ಒಂದು ಫೋಟೊ, ಕೆಳಗೆ ಅದರ ಹೆಸರು. ನಾಯಿಗೆ ಹೆಸರಿದೆ ಸ್ವಾಮಿ! ಮಗ್ಗಗಳ ಮುಂದೆ ನಿಂತ ಮೂವತ್ತು ಹೆಂಗಸರ ಫೋಟೊದ ಕೆಳಗೆ ಮಾತ್ರ ‘ಕೆಲಸಗಾರರು’ ಎಂಬ ಒಂದೇ ಪದ. ಎರಡನೇ ಸಾಲಿನಲ್ಲಿ ಎಡದಿಂದ ನಾಲ್ಕನೆಯವಳು ನನ್ನ ಅಮ್ಮ.

ಆ ಭಾನುವಾರ ಅವಳು ಫೋಟೊ ನೋಡಲು ಬಂದವಳಲ್ಲ, ತನ್ನ ಮಗ್ಗ ನೋಡಲು ಬಂದವಳು. ಇನ್ನೂರರಲ್ಲಿ ಉಳಿದಿರುವುದು ಒಂದೇ. ಅದನ್ನು ಕಂಡದ್ದೇ ತಡ, ಅವಳ ಬಾಯಿಗೆ ಬಿಡುವಿಲ್ಲ. ಕಾವಲುಗಾರ ಬಂದ.

“ಅಜ್ಜಿ, ಸ್ವಲ್ಪ ಮೆಲ್ಲಗೆ ಮಾತಾಡಿ.”

“ಆಂ? ಏನಂತಾನೆ ಇವ್ನು?” ಅಮ್ಮ ನನ್ನನ್ನು ಕೇಳಿದ್ದು ಗೇಟಿನವರೆಗೂ ಕೇಳಿಸಿರಬೇಕು.

“ಮೆಲ್ಲಗೆ ಮಾತಾಡ್ಬೇಕಂತೆ, ಅಮ್ಮ.”

“ಇಲ್ಲೇನು? ಇಲ್ಲಿ ಮೆಲ್ಲಗೆ ಮಾತಾಡಿದ್ರೆ ಯಾರ ಕಿವಿಗೆ ಬೀಳತ್ತೆ?”

ಅವಳ ಕಿವಿ ಹೋದದ್ದೇ ಆ ಹಜಾರದಲ್ಲಿ. ಇಪ್ಪತ್ತಾರು ವರ್ಷ ಇನ್ನೂರು ಮಗ್ಗಗಳ ಬಡಿತದ ನಡುವೆ ನಿಂತವಳು. ಅಲ್ಲಿ ದನಿ ಯಾರಿಗೂ ಕೇಳುತ್ತಿರಲಿಲ್ಲ. ಆ ಹೆಂಗಸರು ತುಟಿ ನೋಡಿ, ಕೈಸನ್ನೆ ನೋಡಿ ಬದುಕನ್ನೆಲ್ಲ ಮಾತಾಡಿಕೊಂಡರು. ಮೇಲ್ತುಟಿಯ ಮೇಲೆ ಬೆರಳೆಳೆದರೆ ಮೀಸೆ, ಅಂದರೆ ಮೇಸ್ತ್ರಿ ಬಂದ, ಹುಷಾರು! ಆ ಭಾಷೆಗೆ ತಮ್ಮಲ್ಲಿ ಯಾವ ಫಲಕವಿದೆ? ಗಿರಣಿ ಕಿತ್ತುಕೊಂಡ ಕಿವಿಗೆ ಗಿರಣಿಯ ಗೋಡೆಯೊಳಗೇ ಮೌನದ ಪಾಠ ಹೇಳುವಾಗ ತಮ್ಮ ಇಲಾಖೆಗೆ ಒಂಚೂರೂ ಮುಜುಗರವಾಗಲಿಲ್ಲವೇ?

ಇನ್ನು ಎರಡನೇ ಅಪರಾಧ. ಮಗ್ಗದಲ್ಲಿ ತಾವು ಲಾಳಿಯನ್ನು ತಿರುವುಮುರುವಾಗಿ ಇಡಿಸಿದ್ದೀರಿ. ನೂಲು ಹೊರಡುವ ಕಣ್ಣು ನೇಯುವವಳ ಕಡೆಗಿರಬೇಕು. ತಮ್ಮದು ಗೋಡೆ ನೋಡುತ್ತಿದೆ.

“ಅಯ್ಯೋ, ಯಾವ ಪುಣ್ಯಾತ್ಮ ಇಟ್ಟಿದ್ದು ಇದನ್ನ? ಒಂದೇ ಏಟಿಗೆ ನೂಲು ಕಡ್ದುಹೋಗತ್ತೆ!” ಎಂದವಳ ಕೈ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಲಾಳಿಯನ್ನು ಸರಿಯಾಗಿ ತಿರುಗಿಸಿಬಿಟ್ಟಿತು.

“ಮುಟ್ಬೇಡಿ! ನೂರು ವರ್ಷ ಹಳೇದು!”

“ಗೊತ್ತಪ್ಪಾ. ಅದ್ರಲ್ಲಿ ಕಾಲು ಭಾಗ ಸವೆಸಿದ್ದು ನಾನೇ.”

ಕಾವಲುಗಾರನ ಮೇಲೆ ನನಗೆ ಸಿಟ್ಟಿಲ್ಲ, ಹೇಳಿದ ಕೆಲಸ ಮಾಡುವವನು. ಸಿಟ್ಟಿರುವುದು ನೋಟಿಸಿನ ಕೊನೆಯ ಸಾಲಿನ ಮೇಲೆ: ‘ಸದರಿ ವಸ್ತುವನ್ನು ಯಥಾಸ್ಥಿತಿಗೆ ಮರಳಿಸಲಾಗಿದೆ.’ ಅಂದರೆ ಸರಿಯಾದದ್ದನ್ನು ಕಷ್ಟಪಟ್ಟು ಮತ್ತೆ ತಪ್ಪು ಮಾಡಿದ್ದೀರಿ, ಸಹಿ ಹಾಕಿ, ಮೊಹರು ಒತ್ತಿ! ಇದಕ್ಕೆ ತಾವಿಟ್ಟ ಹೆಸರು ಸಂರಕ್ಷಣೆ.

ನೋಟಿಸ್ ವಾಪಸ್ ತೆಗೆದುಕೊಳ್ಳಿ. ಅಮ್ಮನನ್ನು ಕರೆಸಿ, ಕುರ್ಚಿ ಕೊಟ್ಟು ಕೂರಿಸಿ, ಲಾಳಿ ಅವಳ ಕೈಯಿಂದಲೇ ಸರಿಮಾಡಿಸಿ. ಫೋಟೊದ ಮೂವತ್ತು ಜನರಲ್ಲಿ ಇಪ್ಪತ್ತೇಳು ಹೆಸರು ಹೇಳುತ್ತಾಳೆ, ಬರೆದುಕೊಳ್ಳಿ. ಉಳಿದ ಮೂರು ನೆನಪಾಗುತ್ತಿಲ್ಲವೆಂದು ಮೊನ್ನೆಯಿಂದ ಅನ್ನ ಸೇರುತ್ತಿಲ್ಲ ಅವಳಿಗೆ. ಕಡತ ಮೇಜಿಂದ ಮೇಜಿಗೆ ಹೋಗುವಷ್ಟರಲ್ಲಿ ಇನ್ನೆಷ್ಟು ಹೆಸರು ಹೋಗಬೇಕು?

ಆಗುವುದಿಲ್ಲವೆಂದರೆ, ಬರುವ ಭಾನುವಾರ ಆ ಫೋಟೊದವರಲ್ಲಿ ಬದುಕುಳಿದ ಐವರೂ ತಮ್ಮ ಗೇಟಿನೆದುರು ನಿಲ್ಲುತ್ತಾರೆ. ಹೆದರಬೇಡಿ, ಶಾಂತಿಗೆ ಭಂಗ ಬಾರದು. ಒಬ್ಬರೂ ಬಾಯಿ ತೆರೆಯುವುದಿಲ್ಲ. ತಾವು ಕಾರಿನಿಂದ ಇಳಿದ ಕೂಡಲೇ ಐದು ಬೆರಳು ಐದು ಮೇಲ್ತುಟಿಯ ಮೇಲೆ ಸರಿಯುತ್ತವೆ, ಅಷ್ಟೇ. ಅದರ ಅರ್ಥ ಈಗ ತಮಗೂ ಗೊತ್ತು, ಊರಿಗೂ ಗೊತ್ತು.

ಇಂತಿ,
ಎರಡನೇ ಸಾಲಿನ ನಾಲ್ಕನೆಯವಳ ಮಗಳು
(ತಾಯಿಯಂತೆಯೇ ದನಿ ಸ್ವಲ್ಪ ಜೋರು)